ಟೋಪಿಯೊಳಗಿನ ಬೆಳ್ಳುಳ್ಳಿ

ಮೊನ್ನೆ ಮೊನ್ನೆಯ ತನಕ ನಮ್ಮ ಮನೆಯ ಬೆಳ್ಳುಳ್ಳಿ ಇದ್ದದ್ದು ಪೊಲೀಸ್ ಟೋಪಿಯಲ್ಲಿ. ಹೊಸದಾಗಿ ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಮಾತಾಡುವಾಗ ಅವರ ಕಣ್ಣು ಗೋಡೆಯ ಕಡೆ ಹೋಗುತ್ತಿತ್ತು, ಮಾತು ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಮುಂದುವರಿಯುತ್ತಿತ್ತು. ಪೊಲೀಸರ ಮನೆಯಲ್ಲಿ ಯಾರೂ ಹೆಚ್ಚಿಗೆ ಪ್ರಶ್ನೆ ಕೇಳುವುದಿಲ್ಲ. ಧೈರ್ಯ ಮಾಡಿ ಕೇಳಿದವರಿಗೆ ಅವ್ವ ಹೇಳುತ್ತಿದ್ದ ಉತ್ತರ ಒಂದೇ.

“ಉಣ್ಣಿ ಟೋಪಿ ಐತ್ರಿ. ಗಾಳಿ ಆಡತೈತಿ. ಬೆಳ್ಳುಳ್ಳಿ ಮೊಳಕಿ ಒಡಿಯೂದಿಲ್ಲ.”

ಟೋಪಿ ಅಪ್ಪನದು. ಅಪ್ಪ ಹಾವೇರಿ ಜಿಲ್ಲೆಯ ಪೊಲೀಸ್ ಪಡೆಯಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ನಾನು ಇಲ್ಲೇ ಹಾವೇರಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು, ಅಪ್ಪ ಅವ್ವ ನನ್ನ ಜೊತೆಗೇ ಇದ್ದಾರೆ. ಆ ಟೋಪಿಯನ್ನು ನೀವೆಲ್ಲ ನೋಡಿದ್ದೀರಿ. ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಚಿ ಸಿಕ್ಕಿಸಿದ್ದು, ಇನ್ನೊಂದು ಬದಿ ಕಿವಿಯ ಮೇಲೆ ಚಾಚಿಕೊಂಡದ್ದು, ಗದ್ದದ ಕೆಳಗೆ ಪಟ್ಟಿ. ಆ ಪಟ್ಟಿಯನ್ನೇ ಮೊಳೆಗೆ ಸಿಕ್ಕಿಸಿ ಅವ್ವ ಟೋಪಿಯನ್ನು ಅಂಗಾತ ತೂಗುಹಾಕಿದ್ದಳು. ಮಕ್ಕಳಿಗೆ ಚಿತ್ರ ಕಲಿಸಿ ಹೊಟ್ಟೆ ಹೊರೆಯುವ ನನಗೆ ಈ ಟೋಪಿಯ ಚಿತ್ರ ಮಾತ್ರ ಇವತ್ತಿಗೂ ಬರೆಯಲು ಬರುವುದಿಲ್ಲ. ಹೇಗೆ ಬರೆದರೂ ರೊಟ್ಟಿ ಹೆಂಚಿನ ಮೇಲೆ ತಾಟು ಬೋರಲು ಹಾಕಿದಂತೆ ಕಾಣುತ್ತದೆ. ಈಗ ಬರೆಯುವ ಅಗತ್ಯವೂ ಇಲ್ಲ ಬಿಡಿ. ಪೇದೆಗಳ ಟೋಪಿ ಈಚೆಗೆ ಬದಲಾಯಿತು. ಸಾಹೇಬರ ಹಾಗೆ ಮುಂದೆ ಚುಂಚು ಇರುವ ನೀಲಿ ಟೋಪಿ ಎಲ್ಲರ ತಲೆಗೂ ಬಂತು. ಬಸ್ ಸ್ಟ್ಯಾಂಡಿನಲ್ಲಿ ನಿಂತ ಪೊಲೀಸರನ್ನು ನೋಡಿದರೆ ನನಗೆ ಇನ್ನೂ ಗುರುತು ಹತ್ತುವುದಿಲ್ಲ.

ಹಳೆಯ ಟೋಪಿಯ ಗುರುತು ಮಾತ್ರ ಚೆನ್ನಾಗಿ ಇತ್ತು. ನಾನು ಬೆಳೆದದ್ದು ರಾಣೆಬೆನ್ನೂರಿನ ಪೊಲೀಸ್ ಲೈನಿನಲ್ಲಿ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಪ್ರತಿ ಬಾಗಿಲ ಪಕ್ಕಕ್ಕೆ ಒಂದು ಮೊಳೆ. ಮೊಳೆಗೆ ಟೋಪಿ ಇದ್ದರೆ ಆ ಮನೆಯ ಅಪ್ಪ ಡ್ಯೂಟಿ ಮುಗಿಸಿ ಬಂದಿದ್ದಾನೆ, ಮಲಗಿದ್ದಾನೆ, ಮೆಲ್ಲಗೆ ಆಡಬೇಕು. ಟೋಪಿ ಇಲ್ಲದ ಮನೆಯ ಮುಂದೆ ಎಷ್ಟು ಬೇಕಾದರೂ ಕೂಗಬಹುದು. ಹೀಗಾಗಿ ನಮ್ಮ ಆಟ ಟೋಪಿ ನೋಡಿಕೊಂಡು ಒಂದು ಮನೆಯಿಂದ ಇನ್ನೊಂದು ಮನೆಯ ಮುಂದಕ್ಕೆ ಸರಿಯುತ್ತಿತ್ತು. ಆಟ ಯಾವಾಗಲೂ ಒಂದೇ, ಠಾಣೆ ಆಟ. ಫೌಜದಾರರ ಮಗ ಫೌಜದಾರ, ಜಮಾದಾರರ ಮಗಳು ಜಮಾದಾರ. ಪೇದೆಯ ಮಗಳಾದ ನನಗೆ ಪೇದೆಯ ಪಾತ್ರವಾದರೂ ಸಿಗಬೇಕಿತ್ತು. ಆದರೆ ಲೈನಿನಲ್ಲಿ ಪೇದೆಗಳ ಮಕ್ಕಳೇ ಹೆಚ್ಚು. ನಾನು ಯಾವಾಗಲೂ ಕಳ್ಳಿ. ಬಹಳ ಒಳ್ಳೆಯ ಕಳ್ಳಿ ಇದ್ದೆ, ಓಡದೆ ಸಿಕ್ಕುಬೀಳುತ್ತಿದ್ದೆ.

ಫೌಜದಾರ, ಜಮಾದಾರ ಎಂದೆ. ಇವೆಲ್ಲ ಮುಂಬೈ ಇಲಾಖೆಯ ಕಾಲದ ಹೆಸರುಗಳು. ಪಿಎಸ್‌ಐ, ಎಎಸ್‌ಐ ಎಂಬ ಅಕ್ಷರಗಳು ಭುಜದ ಮೇಲೆ ಬಂದು ಎಷ್ಟೋ ಕಾಲವಾದರೂ ನಮ್ಮ ಕಡೆಯ ಬಾಯಲ್ಲಿ ಇನ್ನೂ ಫೌಜದಾರನೇ ಇದ್ದಾನೆ. ಆಗ ಊರಿಗೊಬ್ಬ ಪೊಲೀಸ್ ಪಾಟೀಲ ಇರುತ್ತಿದ್ದನಂತೆ. ಹಳ್ಳಿಯ ಜಗಳ ಹಳ್ಳಿಯಲ್ಲೇ ಮುಗಿಸಿ, ಮುಗಿಯದ್ದನ್ನು ಮಾತ್ರ ಠಾಣೆಗೆ ಕಳಿಸುವುದು ಅವನ ಕೆಲಸ. ಅಪ್ಪ ನೌಕರಿಗೆ ಸೇರುವ ಹೊತ್ತಿಗೆ ಪಾಟೀಲಕಿ ಹೋಗಿತ್ತು. ಚಡ್ಡಿ ಮಾತ್ರ ಉಳಿದಿತ್ತು. ಗಂಜಿ ಹಾಕಿದ ಖಾಕಿ ಚಡ್ಡಿ, ಕಾಲಿಗೆ ಸುತ್ತುವ ಪಟ್ಟಿ, ಮೇಲೆ ಈ ಟೋಪಿ. ಮೊದಲ ಪೋಸ್ಟಿಂಗು ಗುತ್ತಲದಲ್ಲಿ. ತುಂಗಭದ್ರೆಯ ದಂಡೆಯ ಗಾಳಿಗೆ ಟೋಪಿ ಹಾರಿ ನೀರಿಗೆ ಬಿತ್ತು. ಅಪ್ಪ ಕಾಲಿನ ಪಟ್ಟಿ ಬಿಚ್ಚುವ ಪುರಸೊತ್ತಿಲ್ಲದೆ ಇಳಿದು ಎತ್ತಿಕೊಂಡು ಬಂದ. ಆಗ ಹಿಗ್ಗಿದ ಟೋಪಿ ಮತ್ತೆ ಕುಗ್ಗಲಿಲ್ಲ. ಒಂದು ವಾರದ ಬೆಳ್ಳುಳ್ಳಿ ಅದರಲ್ಲಿ ಹಿಡಿಯುತ್ತಿದ್ದದ್ದು ಅದಕ್ಕೇ.

ನನಗೆ ಪೊಲೀಸ್ ಪಡೆಯ ರಚನೆ ಗೊತ್ತಾದದ್ದು ಅಪ್ಪನ ಬಲಗೈ ನೋಡಿ. ಪೇದೆ ಹವಾಲ್ದಾರನಿಗೆ ಅಷ್ಟೇನೂ ಮರ್ಯಾದೆ ಕೊಡುವುದಿಲ್ಲ, ತಂಬಾಕು ಕೊಡುತ್ತಾನೆ. ಜಮಾದಾರ ಕಂಡರೆ ಮೈ ನೆಟ್ಟಗಾಗುತ್ತದೆ. ಫೌಜದಾರ ಕಂಡರೆ ಕೈ ಏಳುತ್ತದೆ. ಸರ್ಕಲ್ ಸಾಹೇಬರು ಕಂಡರೆ ಕೈಯ ಜೊತೆ ಬೂಟಿನ ಸಪ್ಪಳವೂ ಏಳುತ್ತದೆ. ಡಿವೈಎಸ್ಪಿ ಬಂದರೆ ಹೊಟ್ಟೆ ಒಳಗೆ ಹೋಗುತ್ತದೆ. ಎಸ್ಪಿ ಸಾಹೇಬರು ಬಂದರೆ ಉಸಿರೂ ಒಳಗೇ ಉಳಿಯುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲ ಧಾರವಾಡ ಜಿಲ್ಲೆಯಲ್ಲಿದ್ದಾಗ ಎಸ್ಪಿ ಸಾಹೇಬರು ದೂರ ಧಾರವಾಡದಲ್ಲಿ ಇರುತ್ತಿದ್ದರು, ಯಾವಾಗಲೋ ಒಮ್ಮೆ ಬರುತ್ತಿದ್ದರು. ಹಾವೇರಿಯೇ ಜಿಲ್ಲೆಯಾದಾಗ ಊರೆಲ್ಲ ಪೇಢೆ ಹಂಚಿತು. ಅಪ್ಪನೂ ಖುಷಿಪಟ್ಟ. ಆಮೇಲೆ ನೋಡಿದರೆ ಎಸ್ಪಿ ಕಚೇರಿ ಇಲ್ಲಿ, ಪೊಲೀಸ್ ಪಡೆಯ ಕವಾಯತು ಮೈದಾನ ಇಲ್ಲಿ, ದೊಡ್ಡವರೆಲ್ಲ ಇಲ್ಲಿ. ಜಿಲ್ಲೆಯಾದದ್ದರಿಂದ ಯಾರಿಗೆ ಏನು ಲಾಭವಾಯಿತೋ, ನಮ್ಮಪ್ಪನ ಕೈಗಂತೂ ಕೆಲಸ ಹೆಚ್ಚಾಯಿತು.

ಆ ಕೈಗೆ ಒಂದು ಕಾಯಿದೆ ಇತ್ತು. ತಲೆಯ ಮೇಲೆ ಟೋಪಿ ಇದ್ದರೆ ಮಾತ್ರ ಸಲಾಮು. ಬರಿದಲೆಯಲ್ಲಿ ಕೈ ಎತ್ತುವಂತಿಲ್ಲ, ನೆಟ್ಟಗೆ ನಿಂತರೆ ಅಷ್ಟೇ ಸಾಕು. ಇದು ಇಲಾಖೆಯ ಶಿಸ್ತು. ಇದರ ಮೇಲೆ ಅಪ್ಪ ತನ್ನದೊಂದು ಕಾಯಿದೆ ಸೇರಿಸಿಕೊಂಡಿದ್ದ. ಮೇಲಿನವರು ಕೈಯೋ ತಲೆಯೋ ಅಲ್ಲಾಡಿಸಿ ಸಲಾಮು ಸ್ವೀಕರಿಸುವ ತನಕ ತಾನು ಕೈ ಇಳಿಸಬಾರದು. ಬೇರೆ ಪೊಲೀಸರು ಅಷ್ಟೆಲ್ಲ ಕಾಯುವುದಿಲ್ಲ. ಅಪ್ಪ ಕಾಯುತ್ತಿದ್ದ.

ಒಂದು ರವಿವಾರ ಮುಂಜಾನೆ ಫೌಜದಾರರ ಮನೆಯ ಆಡು ಹಗ್ಗ ಕಿತ್ತುಕೊಂಡು ನಮ್ಮ ಸಾಲಿಗೆ ಬಂತು. ಅದನ್ನು ಹುಡುಕುತ್ತ ಸ್ವತಃ ಫೌಜದಾರರೇ ಬನಿಯನ್ನಿನಲ್ಲಿ ಬಂದರು. ಅಪ್ಪ ಕಟ್ಟೆಯ ಮೇಲೆ ಕೂತು ದಾಡಿ ಮಾಡಿಕೊಳ್ಳುತ್ತಿದ್ದ. ಮುಖದ ತುಂಬ ನೊರೆ, ಸೊಂಟಕ್ಕೆ ಲುಂಗಿ. ಸುಮ್ಮನೆ ಎದ್ದು ನಿಂತಿದ್ದರೆ ಮುಗಿಯುತ್ತಿತ್ತು. ಆದರೆ ಮೊಳೆಯ ಮೇಲಿನ ಟೋಪಿ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಎಳೆದು ತಲೆಗೆ ಹಾಕಿದ, ಹಿಮ್ಮಡಿ ಬಡಿದು ಸಲಾಮು ಹೊಡೆದ. ಫೌಜದಾರರ ಎರಡೂ ಕೈಯಲ್ಲಿ ಆಡಿನ ಕಿವಿ. ಬಿಟ್ಟರೆ ಆಡು ಓಡುತ್ತದೆ, ಬಿಡದಿದ್ದರೆ ಅಪ್ಪನ ಕೈ ಇಳಿಯುವುದಿಲ್ಲ. ಅವರು ಆಡನ್ನು ನೋಡಿದರು, ಅಪ್ಪನನ್ನು ನೋಡಿದರು.

“ಆತಪಾ,” ಅಂದರು ಕೊನೆಗೆ. “ಕೈ ಇಳಸು. ಮೊದಲ ಮಾರಿ ತೊಳ್ಕೋ.”

ಅವ್ವ ಒಳಗೆ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಬ್ಯಾಡಗಿಯ ಕತೆ ಇದಕ್ಕಿಂತ ಖಾರ. ಅಪ್ಪನಿಗೆ ಅಲ್ಲಿಗೆ ವರ್ಗವಾದಾಗ ಮೆಣಸಿನಕಾಯಿ ಮಾರುಕಟ್ಟೆಯ ಕಡೆ ಡ್ಯೂಟಿ ಹಾಕಿದರು. ಸುಗ್ಗಿಯಲ್ಲಿ ಆ ಪೇಟೆಯೊಳಗೆ ಹೊಕ್ಕು ನೋಡಿ. ಕಣ್ಣಿಗೆ ಕೆಂಪು, ಮೂಗಿಗೂ ಕೆಂಪು. ಊರಿನವರು ಅದರಲ್ಲೇ ಚಹಾ ಕುಡಿಯುತ್ತ ಹರಟೆ ಹೊಡೆಯುತ್ತಾರೆ, ಪರ ಊರಿನವನು ಮೂಗು ಮುಚ್ಚಿಕೊಂಡು ಓಡುತ್ತಾನೆ. ಅಪ್ಪ ಓಡುವಂತಿರಲಿಲ್ಲ. ಇಡೀ ದಿನ ನಿಂತು ಸೀನುತ್ತಿದ್ದ. ಉಣ್ಣೆಯ ಟೋಪಿ ಖಾರದ ಧೂಳನ್ನೆಲ್ಲ ಕುಡಿದು ಸಂಜೆಗೆ ಮನೆಗೆ ತರುತ್ತಿತ್ತು. ಅವ್ವ ಅದನ್ನು ಒಳಗೆ ತರಗೊಡದೆ ಅಂಗಳದ ಆ ತುದಿಗೆ ಹೋಗಿ ಕೋಲಿನಿಂದ ಬಡಿಯುತ್ತಿದ್ದಳು. ಗಾಳಿ ನಮ್ಮ ಕಡೆ ಇದ್ದರೆ ನಾವು ಸೀನುತ್ತಿದ್ದೆವು. ಪಕ್ಕದ ಮನೆಯ ಕಡೆ ಇದ್ದರೆ ಅವರು ಸೀನಿ, ಆಮೇಲೆ ಎರಡು ದಿನ ಮಾತು ಬಿಡುತ್ತಿದ್ದರು.

ಅಲ್ಲಿಗೆ ಒಮ್ಮೆ ಒಬ್ಬ ದೊಡ್ಡ ಸಾಹೇಬರು ಪೇಟೆ ನೋಡಲು ಬಂದರು. ಅಪ್ಪ ಎದುರಿಗೆ ಹೋಗಿ ಬೂಟು ಬಡಿದು ಸಲಾಮು ಹೊಡೆದ. ಆ ಹೊಡೆತಕ್ಕೆ ಟೋಪಿಯ ಧೂಳು ಎದ್ದಿತು. ಸಾಹೇಬರು ಸೀನಿದರು. ಅವರ ಹಿಂದಿನ ಡಿವೈಎಸ್ಪಿ ಸೀನಿದರು. ಸರ್ಕಲ್ ಸಾಹೇಬರು ಸೀನಿದರು, ಫೌಜದಾರರು ಸೀನಿದರು, ಜಮಾದಾರರು ಸೀನಿದರು. ಸೀನು ಕೂಡ ಹುದ್ದೆಯ ಪ್ರಕಾರವೇ ಇಳಿದು ಬಂತು ಎಂದು ಅಪ್ಪ ಹೇಳುತ್ತಾನೆ. ಇದರಲ್ಲಿ ಎಷ್ಟು ಖರೆ ಎಷ್ಟು ಅಪ್ಪನದು ನನಗೆ ಗೊತ್ತಿಲ್ಲ. ಸಾಹೇಬರು ಸೀನುವುದರಲ್ಲೇ ಇದ್ದುದರಿಂದ ಸಲಾಮು ಸ್ವೀಕಾರವಾಗಲು ಬಹಳ ಹೊತ್ತು ಹಿಡಿಯಿತು. ಅಪ್ಪ ಅಷ್ಟೂ ಹೊತ್ತು ಕೈ ಎತ್ತಿಕೊಂಡೇ, ತನ್ನ ಸೀನನ್ನು ನುಂಗಿಕೊಂಡೇ ನಿಂತಿದ್ದ.

ಟೋಪಿಯನ್ನು ಒಳಗೆ ತರಗೊಡದಿದ್ದುದು ಖಾರಕ್ಕಾಗಿ ಎಂದು ನಾನು ಬಹಳ ದಿನ ತಿಳಿದಿದ್ದೆ. ನಿಜವಾದ ಕಾರಣ ಮೋಟೆಬೆನ್ನೂರಿನಲ್ಲಿತ್ತು.

ಅವ್ವನ ತವರು ಮೋಟೆಬೆನ್ನೂರು. ಅವಳ ಅಪ್ಪ, ಅಂದರೆ ನಮ್ಮಜ್ಜ, ಸ್ವಾತಂತ್ರ್ಯದ ಚಳವಳಿಯಲ್ಲಿ ಪೊಲೀಸರ ಲಾಠಿ ತಿಂದವನು. ಅವನ ಎಡಗೈ ಮೊಣಕೈ ಹತ್ತಿರ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಉಣ್ಣುವಾಗ ಆ ಕೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂಡುತ್ತಿದ್ದ. ಅಂಥವನ ಮಗಳಿಗೆ ಪೊಲೀಸ್ ಗಂಡು ಹುಡುಕಿಕೊಂಡು ಬಂದಾಗ ಮನೆಯಲ್ಲಿ ಏನೇನಾಯಿತೋ. ಬ್ರಿಟಿಷರ ಪೊಲೀಸರು ಬೇರೆ, ನಮ್ಮ ಪೊಲೀಸರು ಬೇರೆ ಎಂದು ಬೀಗರೆಲ್ಲ ಕೂತು ತಿಳಿಸಿ ಹೇಳಿದರಂತೆ. ಅಜ್ಜ ಒಪ್ಪಿದ, ಒಂದು ಶರತ್ತಿನ ಮೇಲೆ.

“ಹುಡುಗ ಬರಲಿ, ಉಣ್ಣಲಿ, ಮಗಳನ್ನ ಕರ್ಕೊಂಡು ಹೋಗಲಿ. ಆ ಟೋಪಿ ಮಾತ್ರ ನನ್ನ ಹೊಸ್ತಿಲಾ ದಾಟಬಾರ್ದು.”

ಅಪ್ಪ ಆ ಮಾತನ್ನು ಪಾಲಿಸಿದ. ಹೈವೇದಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಟೋಪಿ ತೆಗೆದು ಅವ್ವನ ಕೈಚೀಲಕ್ಕೆ ಹಾಕುತ್ತಿದ್ದ, ಚೀಲ ಹೊರಗಿನ ಗೂಟಕ್ಕೆ. ಅವ್ವ ಮದುವೆಯಾಗಿ ಬಂದ ಮೇಲೆ ತನ್ನ ಮನೆಗೂ ಅದೇ ಕಾಯಿದೆ ಹಾಕಿದಳು. ಅಪ್ಪನ ಮೇಲಿನ ಸಿಟ್ಟಿಗಲ್ಲ, ತನ್ನ ಅಪ್ಪನ ಕೈ ನೆನಪಾಗುತ್ತದೆಂದು. ಹೀಗೆ ಆ ಟೋಪಿ ಯಾವ ಊರಿನಲ್ಲೂ ನಮ್ಮ ಮನೆಯ ಒಳಗೆ ಬರಲಿಲ್ಲ.

ಒಂದು ಸಲ ಶಾಲೆಯ ಸೂಟಿಯಲ್ಲಿ ನಾನು ಅಜ್ಜನ ಮನೆಯಲ್ಲಿದ್ದೆ. ಅಪ್ಪ ದೇವರಗುಡ್ಡದ ಜಾತ್ರೆಯ ಬಂದೋಬಸ್ತ್ ಮುಗಿಸಿ, ನಿದ್ದೆಗೆಟ್ಟು, ನನ್ನನ್ನು ಕರೆದೊಯ್ಯಲು ನೆಟ್ಟಗೆ ಮೋಟೆಬೆನ್ನೂರಿಗೆ ಬಂದ. ಆ ಜನದ ನಡುವೆ ಎರಡು ದಿನ ನಿಂತು ಬಂದವನಿಗೆ ತಲೆಯ ಮೇಲೆ ಟೋಪಿ ಇರುವುದೇ ಮರೆತಿತ್ತು. ಅಜ್ಜ ಕಟ್ಟೆಯ ಮೇಲೆ ಕೂತಿದ್ದ, ನಾನು ಪಕ್ಕದಲ್ಲಿ ಶೇಂಗಾ ಬಿಡಿಸುತ್ತಿದ್ದೆ. ಅಪ್ಪ ತಿರುವಿನಲ್ಲಿ ಬಂದ, ಹಿರಿಯರನ್ನು ಕಂಡ, ಬೂಟು ಬಡಿದ, ಕೈ ಎತ್ತಿದ. ಕೈ ಹಣೆಗೆ ಮುಟ್ಟಿದ ಮೇಲೆಯೇ ಅವನಿಗೆ ತಾನೇನು ಮಾಡಿದೆ ಎಂದು ಗೊತ್ತಾದದ್ದು. ಆದರೆ ಇಳಿಸುವಂತಿಲ್ಲವಲ್ಲ, ಅಜ್ಜ ಸ್ವೀಕರಿಸಬೇಕು.

ಅಜ್ಜ ಬಹಳ ಹೊತ್ತು ನೋಡಿದ. ನಾನು ಶೇಂಗಾ ಕೈಯಲ್ಲೇ ಹಿಡಿದು ಕೂತಿದ್ದೆ. ಆಮೇಲೆ ಅವನು ಮೆಲ್ಲಗೆ ಎದ್ದು ನಿಂತ, ಸೆಟೆದ ಎಡಗೈಯನ್ನು ಬಲಗೈಯಿಂದ ಎತ್ತಿ ಎರಡೂ ಕೂಡಿಸಿ ನಮಸ್ಕಾರ ಮಾಡಿದ.

“ಅವತ್ತ ಬಡದ್ರು, ಇವತ್ತ ಸಲಾಮ ಹೊಡದ್ರು,” ಅಂದ. “ನಡೀಲಿ. ಒಳಗ ಬಾ, ಉಣ್ಣು. ಟೋಪಿ ಅಲ್ಲೇ ಇಡು.”

ಈ ಸುದ್ದಿ ಕೇಳಿದ ದಿನದಿಂದ ಅವ್ವನಿಗೆ ಒಂದು ಮಾತು ಸಿಕ್ಕಿತು. “ನಮ್ಮಪ್ಪಗ ಒಂದು ಸಲಾಮ ಹೊಡದ್ರಿ. ನನಗ ಯಾವಾಗ?” ಹಬ್ಬದ ದಿನ ಅಪ್ಪ ಡ್ಯೂಟಿಗೆ ಹೊರಟಾಗ ಈ ಮಾತು ಬರುತ್ತಿತ್ತು. ಗಂಟುಮೂಟೆ ಕಟ್ಟಿ ಇನ್ನೊಂದು ಊರಿನ ಲೈನಿಗೆ ಹೋಗುವಾಗ ಬರುತ್ತಿತ್ತು. ಅಪ್ಪನ ಉತ್ತರವೂ ಸಿದ್ಧ ಇರುತ್ತಿತ್ತು. “ಹೊರಗ ಡ್ಯೂಟಿ ಮ್ಯಾಲೆ ನೀ ಎದುರಿಗೆ ಬರೂದಿಲ್ಲ. ಮನ್ಯಾಗ ಟೋಪಿ ಬಿಟ್ಟುಗೊಡೂದಿಲ್ಲ. ಟೋಪಿ ಇಲ್ಲದ ಸಲಾಮ ಇಲ್ಲ.” ಇಬ್ಬರೂ ನಗುತ್ತಿದ್ದರು. ಇದು ಅವರಿಬ್ಬರ ಆಟ ಎಂದು ನಾನೂ ನಗುತ್ತಿದ್ದೆ. ನನಗೆ ಮದುವೆಯಾಗಿ, ನನ್ನ ಕೆಲಸವನ್ನೂ ಯಾರೂ ಗಮನಿಸುವುದಿಲ್ಲ ಎಂದು ಒಂದು ಸಂಜೆ ಸಿಟ್ಟು ಬಂದಾಗ ಅವ್ವನ ಮಾತು ಬೇರೆ ಥರ ಕೇಳಿಸಿತು. ಆ ಟೋಪಿಯ ಧೂಳು ಜಾಡಿಸಿದವಳು ಅವಳು, ಆ ಬೂಟಿಗೆ ಪಾಲಿಶ್ ಮಾಡಿದವಳು ಅವಳು. ಕೈ ಮಾತ್ರ ಊರವರಿಗೆಲ್ಲ ಎದ್ದಿತ್ತು. ಅವಳಿಗೆ ಅದು ಬೇಕಾಗಿತ್ತು, ಚೇಷ್ಟೆಯಲ್ಲಿ ಕೇಳುತ್ತಿದ್ದಳು ಅಷ್ಟೇ.

ಅಪ್ಪ ನಿವೃತ್ತನಾದಾಗ ಟೋಪಿ ಸ್ವಲ್ಪ ದಿನ ಹೊರಗಿನ ಮೊಳೆಯ ಮೇಲೇ ಇತ್ತು. ಗುಬ್ಬಿ ಹುಲ್ಲು ತಂದು ಹಾಕಲು ಶುರುಮಾಡಿದಾಗ ಅವ್ವ ಅದನ್ನು ತೊಳೆದು ಒಣಗಿಸಿ ಅಡಿಗೆಮನೆಗೆ ತಂದಳು. ಶರತ್ತು ನೆನಪಿಸಿದೆ. “ಈಗ ಅದು ಪೊಲೀಸರದಲ್ಲ, ಬೆಳ್ಳುಳ್ಳಿದು,” ಅಂದಳು. ಕಾಯಿದೆಯ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ.

ಇಷ್ಟೆಲ್ಲ ನೆನಪಾದದ್ದು ಈ ಸಲದ ಪೊಲೀಸ್ ಧ್ವಜ ದಿನದಿಂದ. ಆ ದಿನ ಜಿಲ್ಲೆಯ ಮೈದಾನದಲ್ಲಿ ಪರೇಡು ನಡೆಯುತ್ತದೆ. ನಿವೃತ್ತರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದು ಅವರಿಗೆ ಗೌರವ ವಂದನೆ ಕೊಡುತ್ತಾರೆ. ಒಂದು ಮಧ್ಯಾಹ್ನ ಹೊಸ ನೀಲಿ ಟೋಪಿಯ ಹುಡುಗಿಯೊಬ್ಬಳು, ಮಹಿಳಾ ಪೇದೆ, ಬೈಕಿನ ಮೇಲೆ ಬಂದಳು. ಹೊಸ್ತಿಲ ಹೊರಗೇ ನಿಂತು ಅಪ್ಪನಿಗೆ ಸಲಾಮು ಹೊಡೆದಳು. ಅಪ್ಪ ಗಾಬರಿಯಾಗಿ ಹಿಂದೆ ತಿರುಗಿ ನೋಡಿದ, ಯಾರಾದರೂ ಸಾಹೇಬರು ಬಂದು ನಿಂತಿದ್ದಾರೋ ಎಂದು.

“ಅಜ್ಜಾರ, ಈ ಸಲ ನೀವ ಬರಬೇಕಂತ್ರಿ,” ಅಂದಳು ಹುಡುಗಿ. “ಸಾಹೇಬ್ರು ಹೇಳಿ ಕಳಿಸ್ಯಾರ.”

“ಹ್ವಾದ ವರ್ಷ ಫೌಜದಾರ್ರನ್ನ ಕರದಿದ್ರಲ್ಲವಾ. ನಾ ಹವಾಲ್ದಾರ.”

“ಟೋಪಿ ಬದಲಾತಲ್ರೀ. ಹಳೇ ಟೋಪಿ ಹಾಕಿ ದುಡದೋರನ್ನ ಕರೀಬೇಕು ಅಂದಾರ್ರಿ.”

ಅಪ್ಪ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಹೇಳಿದ. “ಬ್ಯಾಡವಾ. ನನಗ ಸಲಾಮ ಹೊಡ್ಯಾಕ ಬರತೈತಿ. ತಗೊಳ್ಳಾಕ ಬರೂದಿಲ್ಲ.”

ಹುಡುಗಿ ನಗಲಿಲ್ಲ. ಅದಕ್ಕೇ ಅವಳು ನನಗೆ ಇಷ್ಟವಾದಳು. ನಾಳೆ ಮತ್ತೆ ಬರುತ್ತೇನೆ ಎಂದು ಹೋದಳು. ಅಂದು ಸಂಜೆ ಅಪ್ಪ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಬಡಿಯುತ್ತ, ಅವನ ಕಡೆ ನೋಡದೆ ಮಾತು ತೆಗೆದಳು.

“ಹೋಗಿ ಬರ್ರಿ.”

“ಅಲ್ಲಿ ನಿಂತು ಏನ ಮಾಡ್ಲಿ? ಅವರು ಕೈ ಎತ್ತತಾರ. ನನ್ನ ತಲೀ ಮ್ಯಾಲೆ ಏನೂ ಇರೂದಿಲ್ಲ. ಈ ಕೈ ಸುಮ್ನ ಇರತದೇನು?”

“ಇರೂದಿಲ್ಲಂದ್ರ ಧೋತ್ರ ಹಿಡ್ಕೊಂಡು ನಿಂದರ್ರಿ. ಜೀವಮಾನ ಎಲ್ಲಾರಿಗೂ ಹೊಡದೀರಿ. ಒಂದಿನ ಯಾರರ ನಿಮಗ ಹೊಡದ್ರ ನಾ ನೋಡಬೇಕು.”

ಹಳೆಯ ಟೋಪಿ ಹಾಕಿಕೊಂಡು ಹೋಗು ಎಂದು ನಾನು ಸೂಚಿಸಿದೆ. ಧೋತರದ ಮೇಲೆ ಇಲಾಖೆಯ ಟೋಪಿ ಹಾಕುವುದು ಆ ಟೋಪಿಗೆ ಅವಮಾನ ಅಂದ. ಆಡಿನ ದಿನ ಲುಂಗಿಯ ಮೇಲೆ ಹಾಕಿದ್ದೆಯಲ್ಲ ಎಂದೆ. “ಅವಾಗ ನೌಕರಿ ಮ್ಯಾಲೆ ಇದ್ನಿ,” ಅಂದ. ಅವನ ಕಾಯಿದೆಗಳ ಜೊತೆ ಯಾರೂ ವಾದ ಮಾಡಿ ಗೆದ್ದದ್ದಿಲ್ಲ.

ಆದರೆ ಒಪ್ಪಿಕೊಂಡ. ಅವ್ವ ನೋಡಬೇಕು ಅಂದಿದ್ದಳಲ್ಲ, ಅದಕ್ಕೆ. ಆಮೇಲೆ ಶುರುವಾಯಿತು ನೋಡಿ ನಮ್ಮ ಮನೆಯ ತಾಲೀಮು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ನಾನು ಅಂಗಳದಲ್ಲಿ ಪರೇಡು. ಐವತ್ತು ದಾಟಿದ, ಮಂಡಿ ನೋವಿರುವ, ಭುಜದ ಮೇಲೆ ಕಸಬರಿಗೆ ಇಟ್ಟುಕೊಂಡ ಪರೇಡು. ನಾನು ಅಪ್ಪನ ಮುಂದೆ ಬಂದು ಸಲಾಮು ಹೊಡೆಯಬೇಕು, ಅವನು ಕೈ ಎತ್ತದೆ ನಿಲ್ಲಬೇಕು. ಮೊದಲ ದಿನ ಪ್ರತಿ ಸಲವೂ ಅವನ ಕೈ ನನ್ನದಕ್ಕಿಂತ ಮೊದಲು ಎದ್ದಿತು. “ನಿನ್ನ ಮೊಣಕೈ ಜೋತು ಬಿದ್ದೈತಿ,” ಎಂದು ನನಗೇ ಬೈದ. ಅವ್ವ ಅಡಿಗೆಮನೆಯ ಕಿಟಕಿಯಿಂದ ನೋಡುತ್ತ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹಾಲಿನವನು ಗೇಟಿನಲ್ಲಿ ನಿಂತು ನೋಡಿ, ಮರುದಿನದಿಂದ ಅರ್ಧ ತಾಸು ಬೇಗ ಬರಲು ಹತ್ತಿದ.

ಧ್ವಜ ದಿನ ಬಂತು. ಏಪ್ರಿಲ್ ಬಿಸಿಲು ಮುಂಜಾನೆಯೇ ಚುರುಕಾಗಿತ್ತು. ಅಪ್ಪ ಬಿಳಿ ಧೋತರ, ಬಿಳಿ ಅಂಗಿ ಹಾಕಿ, ಎಣ್ಣೆ ಹಚ್ಚಿ ಬಾಚಿದ ಬರಿದಲೆಯಲ್ಲಿ ವೇದಿಕೆಯ ಮೇಲೆ ನಿಂತ. ನಾನು, ಅವ್ವ ಶಾಮಿಯಾನದ ಕೆಳಗೆ ಕೂತಿದ್ದೆವು. ಅವ್ವ ಮಗ್ಗಲು ಬದಲಿಸದೆ, ಸೆರಗು ಸರಿಪಡಿಸದೆ ಕೂತಿದ್ದಳು. ತುಕಡಿಗಳು ಒಂದೊಂದಾಗಿ ಬಂದವು. ಎಲ್ಲ ಹೊಸ ಟೋಪಿ. ಅವುಗಳಲ್ಲಿ ಒಂದರ ಕೆಳಗೆ ನಮ್ಮ ಮನೆಗೆ ಬಂದ ಹುಡುಗಿ ಇದ್ದಳು. ವೇದಿಕೆಯ ಮುಂದೆ ಬಂದ ಕೂಡಲೇ ಹುಕುಂ ಆಯಿತು, ಇಡೀ ಸಾಲಿನ ಮುಖ ಅಪ್ಪನ ಕಡೆ ತಿರುಗಿತು, ಮುಂದಿನವರ ಕೈ ಹಣೆಗೆ ಏರಿತು.

ಅಪ್ಪನ ಬಲಗೈ ಏಳಲು ಹವಣಿಸಿತು. ನನಗೆ ಅಲ್ಲಿಂದಲೇ ಕಂಡಿತು. ಬೆರಳು ಧೋತರದ ನಿರಿಗೆಯನ್ನು ಮುದುಡಿ ಹಿಡಿದವು, ಬಿಡಲಿಲ್ಲ. ಕೈ ಏಳಲಿಲ್ಲ. ಅವನು ಗದ್ದ ಎತ್ತಿ ನೆಟ್ಟಗೆ ನಿಂತ. ಪ್ರತಿ ತುಕಡಿಗೂ ಸ್ವಲ್ಪವೇ ತಲೆ ಬಾಗಿಸಿದ, ಇನ್ಯಾರದೋ ಕೈ ಇಳಿಯದೆ ಉಳಿಯಬಾರದೆಂದು. ನನಗೆ ಅಳು ಬಂತು. ಪಕ್ಕಕ್ಕೆ ನೋಡಿದರೆ ಅವ್ವ ಅಳುತ್ತಿರಲಿಲ್ಲ. ಅವಳು ಆ ಕೈಯನ್ನೇ ನೋಡುತ್ತಿದ್ದಳು.

ಆಟೋದಲ್ಲಿ ಮನೆಗೆ ಬರುವಾಗ ವೇದಿಕೆಯಲ್ಲಿ ಹಾಕಿದ ಹಾರ ಅಪ್ಪನ ತೊಡೆಯ ಮೇಲಿತ್ತು. ಮನೆಗೆ ಬಂದು ಅವ್ವ ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದಳು. ನಾನು ಚಹಾಕ್ಕೆ ಇಟ್ಟೆ. ಅಪ್ಪ ಬಂದ. ಮೊಳೆಯ ಮೇಲಿನ ಟೋಪಿ ತೆಗೆದು ಒಲೆಯ ಕಟ್ಟೆಯ ಮೇಲೆ ಬೋರಲು ಹಾಕಿದ. ಬೆಳ್ಳುಳ್ಳಿ ಉರುಳಿ ಕೆಳಗೆಲ್ಲ ಚೆಲ್ಲಿತು. ಟೋಪಿಯನ್ನು ಎರಡು ಸಲ ಜಾಡಿಸಿ, ಸಿಪ್ಪೆ ಊದಿ, ಧೋತರದ ಮೇಲೆಯೇ, ಎಲ್ಲ ಕಾಯಿದೆ ಮುರಿದು, ತಲೆಗೆ ಇಟ್ಟ. ಪಟ್ಟಿ ಗದ್ದದ ಕೆಳಗೆ ಎಳೆದುಕೊಂಡ. ಅವ್ವನ ಮುಂದೆ ನಿಂತು ಬರಿಗಾಲ ಹಿಮ್ಮಡಿ ಬಡಿದ.

ಕೈ ಎದ್ದಿತು.

ಅವ್ವ ತಂಬಿಗೆ ಕೆಳಗಿಟ್ಟಳು. ಇಷ್ಟು ವರ್ಷ ಕೇಳಿದವಳಿಗೆ ಸಿಕ್ಕಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಸಲಾಮು ತೆಗೆದುಕೊಳ್ಳಲು ಅವಳಿಗೂ ಬರುತ್ತಿರಲಿಲ್ಲ. ಸೆರಗು ಎಳೆದುಕೊಂಡಳು, ಗೋಡೆ ಹಿಡಿದು ಮೆಲ್ಲಗೆ ಎದ್ದಳು, ಅಪ್ಪ ವೇದಿಕೆಯ ಮೇಲೆ ನಿಂತ ಹಾಗೆಯೇ ಗದ್ದ ಎತ್ತಿ ನಿಂತಳು. ಅಪ್ಪ ಕಾಯುತ್ತಿದ್ದ. ಎಂಬತ್ತರ ಕೈ, ಆದರೂ ಇಳಿಯಲಿಲ್ಲ.

“ಅವ್ವಾ, ತಲಿ ಅಲ್ಲಾಡಸಬೇ,” ಅಂದೆ ಮೆಲ್ಲಗೆ. “ಇಲ್ಲಂದ್ರ ಅಪ್ಪ ಹಂಗ ನಿಂತಿರ್ತಾನ.”

ಅವ್ವ ತಲೆ ಅಲ್ಲಾಡಿಸಿದಳು. ಆಗ ಅವಳ ಕಣ್ಣು ತುಂಬಿದವು. ಅಪ್ಪನ ಕೈ ಇಳಿಯಿತು. ಸ್ವಲ್ಪ ಹೊತ್ತು ಮೂವರೂ ಚಹಾ ಉಕ್ಕುವುದನ್ನು ನೋಡುತ್ತ ನಿಂತೆವು, ಯಾರೂ ಒಲೆ ಆರಿಸಲಿಲ್ಲ. ಆಮೇಲೆ ಅಪ್ಪ ಟೋಪಿ ತೆಗೆದು, ಹಳೆಯ ಅಭ್ಯಾಸದಂತೆ, ತಲಬಾಗಿಲ ಕಡೆ ನಡೆದ. ಹೊರಗಿನ ಮೊಳೆ ಇನ್ನೂ ಅಲ್ಲೇ ಇದೆ.

“ಎಲ್ಲಿಗೆ ಹೊಂಟ್ರಿ?” ಎಂದಳು ಅವ್ವ, ಬಗ್ಗಿ ಬೆಳ್ಳುಳ್ಳಿ ಆರಿಸುತ್ತ.

“ಟೋಪಿ ಹೊರಗ ಇಡ್ತೇನಿ.”

“ಹೊರಗ ಯಾಕ? ಒಳಗ ಇರಲಿ. ಬೆಳ್ಳುಳ್ಳಿಗೆ ನಾ ಬುಟ್ಟಿ ತರ್ತೇನಿ.”